ಪೇ ಸ್ಲಿಪ್‌ನಲ್ಲಿ ಪಿಎಫ್ ಕಟ್ ಆಗ್ತಿತ್ತು, ಖಾತೆಗೆ ಬರ್ತಿರಲಿಲ್ಲ

ಪೇ ಸ್ಲಿಪ್‌ನ ಕಡಿತದ ಕಾಲಂನಲ್ಲಿ 'ಪಿಎಫ್ 1,800' ಅಂತ ಇದೆ ಅಂದಮಾತ್ರಕ್ಕೆ ಆ ದುಡ್ಡು ನಿಮ್ಮ ಪಿಎಫ್ ಖಾತೆ ಸೇರಿದೆ ಅಂತ ನಂಬಬೇಡಿ. ನಾನಿದ್ದ ಕಂಪನಿಯಲ್ಲಿ ಒಂದು ತಿಂಗಳೂ ಬಿಡದೆ ಹಿಡಿಯುತ್ತಿದ್ದರು, ಕಟ್ಟುವುದನ್ನು ಮಾತ್ರ ಸದ್ದಿಲ್ಲದೆ ನಿಲ್ಲಿಸಿದ್ದರು. ಕಂಪನಿಯ ಹೆಸರು ಹಾಕುತ್ತಿಲ್ಲ, ವಿಚಾರಣೆ ಇನ್ನೂ ನಡೀತಿದೆ.

ವಿಷಯ ಹೊರಬಿದ್ದಿದ್ದು ಸಹೋದ್ಯೋಗಿಯೊಬ್ಬರು ತಾಯಿಯ ಆಪರೇಷನ್‌ಗೆ ಪಿಎಫ್ ಅಡ್ವಾನ್ಸ್ ತೆಗೆಯಲು ಹೋದಾಗ. ಪಾಸ್‌ಬುಕ್‌ನ ಕೊನೆಯ ಎಂಟ್ರಿ ಹಿಂದಿನ ವರ್ಷದ ಜುಲೈದು. ಅವತ್ತು ಊಟದ ಹೊತ್ತಲ್ಲಿ ಎಲ್ಲರೂ ಯುಎಎನ್ (ಪಿಎಫ್ ಸದಸ್ಯರ ನಂಬರ್) ಹಾಕಿ, ಓಟಿಪಿಗೆ ಕಾದು ನೋಡಿದೆವು. ಬಹುತೇಕ ಎಲ್ಲರದ್ದೂ ಅದೇ ಜುಲೈಗೆ ನಿಂತಿತ್ತು. ಮೇಲಿನ ಹುದ್ದೆಯ ಕೆಲವರದ್ದು ಮಾತ್ರ ಅಚ್ಚುಕಟ್ಟಾಗಿ ತುಂಬಿತ್ತು.

ಎಚ್‌ಆರ್ ಮೇಡಂ ಹೇಳಿದ್ದು: "ಸರ್ವರ್ ಇಶ್ಯೂ ಸರ್, ಪಾಸ್‌ಬುಕ್ ಅಪ್‌ಡೇಟ್ ಆಗಿಲ್ಲ ಅಷ್ಟೆ." ಈ ಮಾತು ಎಲ್ಲ ಕಡೆ ಓಡುವುದಕ್ಕೆ ಕಾರಣ ಇದೆ. ವರ್ಷದ ಬಡ್ಡಿ ಪಾಸ್‌ಬುಕ್‌ಗೆ ಏರುವುದು ತಡವಾಗುತ್ತೆ, ಅದು ನಿಜ. ಆದರೆ ತಿಂಗಳ ವಂತಿಗೆಗೆ ಅಷ್ಟು ಕಾಲ ಬೇಡ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ಚಲನ್ ಕಟ್ಟಿದ ಕೆಲವು ದಿನಕ್ಕೆ ಎಂಟ್ರಿ ಕಾಣಬೇಕು. ಎರಡು ತಿಂಗಳು ಸತತವಾಗಿ ಖಾಲಿ ಇದ್ದರೆ ಅದು ಸರ್ವರ್ ಅಲ್ಲ.

ಇದನ್ನು ಪಕ್ಕಾ ಮಾಡಿಕೊಳ್ಳುವ ದಾರಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ವೆಬ್‌ಸೈಟಿನಲ್ಲಿ 'ಎಸ್ಟಾಬ್ಲಿಷ್‌ಮೆಂಟ್ ಸರ್ಚ್' ಅಂತ ಒಂದು ಪುಟ ಇದೆ. ಲಾಗಿನ್ ಬೇಡ. ಕಂಪನಿ ಹೆಸರು ಹಾಕಿದರೆ ಯಾವ ತಿಂಗಳ ಸಂಬಳಕ್ಕೆ ಎಷ್ಟು ಕಟ್ಟಿದ್ದಾರೆ, ಎಷ್ಟು ಜನರ ಹೆಸರಲ್ಲಿ ಕಟ್ಟಿದ್ದಾರೆ ಅಂತ ಸಾಲುಸಾಲಾಗಿ ಬರುತ್ತೆ. ನಮ್ಮಲ್ಲಿ ಕೆಲಸಕ್ಕಿದ್ದವರು 38 ಜನ, ಆ ಸಾಲಿನಲ್ಲಿ ಇದ್ದದ್ದು 11. ಅದರ ಪ್ರಿಂಟ್ ಮೇಜಿನ ಮೇಲಿಟ್ಟ ಮೇಲೆ ಸರ್ವರ್ ಮಾತು ಮತ್ತೆ ಬರಲಿಲ್ಲ.

ಮಾಲೀಕರ ರಾಗ ಬೇರೆ. "ಒಂದು ದೊಡ್ಡ ಬಿಲ್ ಪಾಸಾಗಬೇಕು, ಆದ ತಕ್ಷಣ ಒಟ್ಟಿಗೆ ಕಟ್ತೀನಿ. ನೀವೆಲ್ಲ ಮನೆಯವರ ಥರ, ಪಿಎಫ್ ಆಫೀಸಿಗೆ ಹೋಗಿ ಮಾನ ತೆಗೀಬೇಡಿ." ಕೈ ಬಿಗಿ ಇತ್ತು ಅನ್ನೋದು ಸುಳ್ಳೇನಲ್ಲ. ಬಾಡಿಗೆ, ಜಿಎಸ್‌ಟಿ, ಬ್ಯಾಂಕ್ ಕಂತು ಇವೆಲ್ಲ ತಪ್ಪಿದರೆ ತಕ್ಷಣ ಬಾಗಿಲು ಬಡಿಯುವವರಿದ್ದಾರೆ. ಪಿಎಫ್ ತಪ್ಪಿದರೆ ಯಾರೂ ಕೂಗಲ್ಲ, ಹಾಗಾಗಿ ಮೊದಲು ಕತ್ತರಿ ಬೀಳೋದು ಅದಕ್ಕೇ. ಆದರೆ ಅವರು ತಮ್ಮ ಪಾಲಿನ 12% ಮಾತ್ರ ತಡೆಹಿಡಿದಿದ್ದರೆ ಬಾಕಿ ಅನ್ನಬಹುದಿತ್ತು. ನಮ್ಮ ಮೂಲ ವೇತನ ಮತ್ತು ಡಿಎಯಿಂದ (ತುಟ್ಟಿಭತ್ಯೆ) ಹಿಡಿದ 12% ಅವರ ದುಡ್ಡೇ ಅಲ್ಲ. ಹೀಗೆ ಹಿಡಿದು ಕಟ್ಟದೇ ಇರುವುದು ಕ್ರಿಮಿನಲ್ ನಂಬಿಕೆ ದ್ರೋಹ. ಹಿಂದೆ ಐಪಿಸಿ 405ರಲ್ಲಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 316ರಲ್ಲಿದೆ. ಆದಾಯ ತೆರಿಗೆಯಲ್ಲೂ ಇದೇ ನೋಟ ಇತ್ತು. ನೌಕರರಿಂದ ಹಿಡಿದ ಪಿಎಫ್ ಅನ್ನು ಗಡುವು ದಾಟಿ ಕಟ್ಟಿದರೆ ಅದನ್ನು ಖರ್ಚು ಅಂತ ತೋರಿಸಿ ವಿನಾಯಿತಿ ಪಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿತ್ತು. ತಡವಾದ ಬಾಕಿಗೆ ವರ್ಷಕ್ಕೆ 12% ಬಡ್ಡಿ ಬೀಳುತ್ತೆ, ದಂಡ ಬೇರೆ. ಸಣ್ಣ ಉದ್ದಿಮೆ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಪಿಎಫ್ ದುಡ್ಡನ್ನು ಕೈಗಡ ಅಂದುಕೊಳ್ಳುವ ಮೊದಲು ಒಮ್ಮೆ ಲೆಕ್ಕ ಹಾಕಿ ನೋಡಿ.

ಆಮೇಲೆ ಇನ್ನೊಂದು ವಾದ ಬಂತು. ಒಂದಷ್ಟು ಜನ ಬಿಟ್ಟುಹೋದರು, ಈಗ ನಾವು 20ಕ್ಕಿಂತ ಕಮ್ಮಿ, ಪಿಎಫ್ ಕಾಯ್ದೆ ನಮಗೆ ಅನ್ವಯಿಸಲ್ಲ ಅಂತ. 1952ರ ಕಾಯ್ದೆ ಇದಕ್ಕೆ ಮೊದಲೇ ಉತ್ತರ ಬರೆದಿಟ್ಟಿತ್ತು. ಒಮ್ಮೆ ಕಾಯ್ದೆಯ ವ್ಯಾಪ್ತಿಗೆ ಬಂದ ಸಂಸ್ಥೆ, ಜನ ಕಮ್ಮಿಯಾದರೂ ವ್ಯಾಪ್ತಿಯಲ್ಲೇ ಇರುತ್ತೆ.

ನಿಜವಾಗಿ ಎಚ್ಚರ ಬೇಕಿದ್ದದ್ದು ದೂರು ಹೋದ ಮೇಲೆ. ಇಪಿಎಫ್‌ಒದ ದೂರು ಪೋರ್ಟಲ್‌ನಲ್ಲಿ ಹಾಕಿ ನೋಂದಣಿ ಸಂಖ್ಯೆ ತಗೊಂಡೆವು. ಆಗ ಕಂಪನಿಯವರು ಕೆಲಸ ಬಿಡುತ್ತಿದ್ದವರ ಮುಂದೆ ಸೆಟಲ್‌ಮೆಂಟ್ ಹೊತ್ತಿಗೆ ಒಂದು ಹಾಳೆ ಇಡೋಕೆ ಶುರುಮಾಡಿದರು. "ಪಿಎಫ್ ಬಾಬ್ತು ಪೂರ್ತಿ ನಗದಾಗಿ ಪಡೆದಿದ್ದೇನೆ, ಕಂಪನಿಯಿಂದ ಯಾವ ಬಾಕಿಯೂ ಇಲ್ಲ." ಕೈಗೆ ಕೊಡುತ್ತಿದ್ದದ್ದು ಹಿಡಿದಿದ್ದರ ಅರ್ಧ. ಸಹಿ ಹಾಕದಿದ್ದರೆ ರಿಲೀವಿಂಗ್ ಲೆಟರ್ ಇಲ್ಲ ಅನ್ನೋ ಬೆದರಿಕೆ. ದಯವಿಟ್ಟು ಇಂಥ ಹಾಳೆಗೆ ಸಹಿ ಹಾಕಬೇಡಿ. ಪಿಎಫ್ ಅಂದರೆ ಬರೀ ಉಳಿತಾಯ ಅಲ್ಲ. ಮಾಲೀಕರ 12% ಪಾಲಿನಲ್ಲಿ ವೇತನದ 8.33%ರಷ್ಟು ಪಿಂಚಣಿ ಯೋಜನೆಗೆ ಹೋಗುತ್ತೆ, ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ನಗದು ಕೈಗೆ ಬಂದರೆ ಆ ತಿಂಗಳುಗಳು ಸೇವೆಯ ಲೆಕ್ಕಕ್ಕೆ ಬರಲ್ಲ. ನನ್ನ ಪಕ್ಕದ ಸೀಟಿನವರಿಗೆ ಒಂಬತ್ತು ವರ್ಷ ಚಿಲ್ಲರೆ ಆಗಿತ್ತು.

ಹೌಸ್‌ಕೀಪಿಂಗ್‌ನ ಅಕ್ಕಂದಿರ ಪರಿಸ್ಥಿತಿ ಇನ್ನೂ ಹದಗೆಟ್ಟಿತ್ತು. ಕಾಂಟ್ರಾಕ್ಟರ್ ಮೂಲಕ ಬಂದವರು, ಯುಎಎನ್ ನಂಬರೇ ಯಾರಿಗೂ ಕೊಟ್ಟಿರಲಿಲ್ಲ, ಆತ ಫೋನ್ ಎತ್ತೋದನ್ನೂ ಬಿಟ್ಟಿದ್ದ. "ಅದು ಕಾಂಟ್ರಾಕ್ಟರ್ ವಿಷಯ" ಅಂತ ಕಂಪನಿ ಕೈ ತೊಳೆದುಕೊಳ್ಳೋಕೆ ನೋಡಿತು. ಕಾಂಟ್ರಾಕ್ಟರ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕರೇ ಕಟ್ಟಬೇಕು. ಅವರ ದೂರನ್ನೂ ನಮ್ಮದರ ಜೊತೆಗೇ ಹಾಕಿದೆವು.

ನಮ್ಮದರಲ್ಲಿ ಒಂದಷ್ಟು ತಿಂಗಳಿನದ್ದು ಬಂದಿದೆ, ಉಳಿದಿದ್ದು ಬಾಕಿ. ದೂರಿನ ಜೊತೆ ಬೇಕಾಗಿದ್ದು ಪೇ ಸ್ಲಿಪ್, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ. ಇವತ್ತೇ ಇವನ್ನೆಲ್ಲ ನಿಮ್ಮ ಸ್ವಂತ ಮೇಲ್‌ಗೆ ಇಳಿಸಿಕೊಳ್ಳಿ. ರಾಜೀನಾಮೆ ಕೊಟ್ಟವರ ಪೇರೋಲ್ ಲಾಗಿನ್ ನಮ್ಮಲ್ಲಿ ಕೊನೆಯ ದಿನ ಸಂಜೆಗೇ ಬಂದ್ ಆಗ್ತಿತ್ತು, ಆಮೇಲೆ ಒಂದು ಪೇ ಸ್ಲಿಪ್‌ಗೂ ಅದೇ ಎಚ್‌ಆರ್ ಮೇಡಂನ ಕೇಳಬೇಕಾಗುತ್ತೆ.