ಕೊಡಗಿನ ಏರಿಗೂ ಮಳೆಗೂ ಒಗ್ಗುವ ರೋಡ್ ಬೈಕ್: ದೀರ್ಘ ಬಳಕೆಯ ವಿಮರ್ಶೆ

ವಿಮರ್ಶೆಗೆ ಎತ್ತಿಕೊಂಡಿರುವುದು ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು, ಹೈಡ್ರಾಲಿಕ್ ಡಿಸ್ಕ್ ಬ್ರೇಕು, ಶಿಮಾನೊ ಟಿಯಾಗ್ರ 4700 ಗೇರುಗಳಿರುವ ಎಂಡ್ಯೂರೆನ್ಸ್ ರೋಡ್ ಬೈಕ್, ಎಂದರೆ ಡಾಂಬರು ರಸ್ತೆಯಲ್ಲಿ ದೂರದ ಸವಾರಿಗೆಂದು ಮಾಡಿದ ಸೈಕಲ್. ಪೆಡಲ್ ಸೇರಿ ತೂಕ 10 ಕೆ.ಜಿ. ಹತ್ತಿರ. ಫ್ರೇಮಿನ ಮೇಲಿನ ಹೆಸರು ಇಲ್ಲಿ ಮುಖ್ಯವಲ್ಲ. ಇದೇ ಬಗೆಯ ಬೈಕನ್ನು ಹಲವು ಕಂಪನಿಗಳು ಮಾರುತ್ತವೆ, ಕೆಳಗೆ ಹೇಳಿದ್ದರಲ್ಲಿ ಬಹುಪಾಲು ಅವಕ್ಕೂ ಸಲ್ಲುತ್ತದೆ. ಮಡಿಕೇರಿಯನ್ನು ನಡುವಿಟ್ಟುಕೊಂಡು ಕುಶಾಲನಗರ, ಸಂಪಾಜೆ, ಭಾಗಮಂಡಲ, ವಿರಾಜಪೇಟೆ ಕಡೆಯ ರಸ್ತೆಗಳಲ್ಲಿ ಬೇಸಿಗೆಯಲ್ಲೂ ಮಳೆಯಲ್ಲೂ ಓಡಿದ ಬೈಕ್ ಇದು.

ಕೊಡಗಿನಲ್ಲಿ ರೋಡ್ ಬೈಕ್ ಆರಿಸುವವರು ಮೊದಲು ತೂಕ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಅದರ ಅತಿ ಹಗುರ ಗೇರು ಯಾವುದು ಎಂದು. ಮುಂದಿನ ಹಲ್ಲುಗಾಲಿಯಲ್ಲಿ (ಚೈನ್‌ರಿಂಗ್) 34 ಹಲ್ಲು, ಹಿಂದಿನದರಲ್ಲಿ (ಸ್ಪ್ರಾಕೆಟ್) 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು, ಚಕ್ರವೂ ಒಂದೇ ಸುತ್ತು. 32 ಮಿ.ಮೀ. ಟೈರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 7.7 ಕಿ.ಮೀ. ಸವಾರರು 75 ಕೆ.ಜಿ., ಬೈಕು ಮತ್ತು ನೀರಿನ ಬಾಟಲಿ 11 ಕೆ.ಜಿ. ಎಂದಿಟ್ಟುಕೊಳ್ಳಿ. ಶೇಕಡಾ 8ರ ಏರಿನಲ್ಲಿ ಆ ವೇಗಕ್ಕೆ ಸುಮಾರು 160 ವಾಟ್ ಶಕ್ತಿ ಸಾಕು. ಅದೇ ಏರನ್ನು 36 ಹಲ್ಲಿನ ಚೈನ್‌ರಿಂಗ್, 28 ಹಲ್ಲಿನ ಸ್ಪ್ರಾಕೆಟ್ ಇರುವ ರೇಸ್ ಬೈಕಿನಲ್ಲಿ ಅದೇ 60 ಸುತ್ತಿಗೆ ಹತ್ತಿದರೆ ವೇಗ 10 ಕಿ.ಮೀ., ಶಕ್ತಿ 205 ವಾಟ್ ಆಸುಪಾಸು. ಅಷ್ಟು ಕೊಡಲಾಗದಿದ್ದರೆ ತುಳಿತ 45, 40ಕ್ಕೆ ಇಳಿಯುತ್ತದೆ, ಪ್ರತಿ ತುಳಿತದ ಭಾರ ಮೊಣಕಾಲಿನ ಮೇಲೆ ಬೀಳುತ್ತದೆ.

ಫಿಟ್‌ನೆಸ್ಸಿನ ಮಾತೂ ಇಲ್ಲೇ ಬರುತ್ತದೆ. ವಾರದ ಸವಾರಿಯಲ್ಲಿ ಹೆಚ್ಚಿನ ಪಾಲು ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ನಿಧಾನವಾಗಿರಬೇಕು. ಏದುಸಿರು ಬರುವ ಸವಾರಿ ವಾರಕ್ಕೆ ಒಂದೋ ಎರಡೋ ಸಾಕು. ಬಯಲುಸೀಮೆಯಲ್ಲಿ ಇದನ್ನು ಯಾವ ಬೈಕಿನಲ್ಲಾದರೂ ಪಾಲಿಸಬಹುದು. ನಮ್ಮಲ್ಲಿ ಮನೆಯ ಗೇಟು ದಾಟಿದರೆ ಏರು. ಹಗುರ ಗೇರು ಇಲ್ಲದ ಬೈಕಿನಲ್ಲಿ ನಿಧಾನದ ದಿನ ಎಂಬುದೇ ಇರುವುದಿಲ್ಲ, ಪ್ರತಿ ಸವಾರಿಯೂ ಪರೀಕ್ಷೆಯಾಗುತ್ತದೆ, ಎರಡು ತಿಂಗಳಲ್ಲಿ ಬೈಕ್ ಗೋಡೆಗೆ ಒರಗುತ್ತದೆ. 34–34 ಗೇರು ಶಕ್ತಿ ಕಡಿಮೆ ಇರುವವರಿಗೆ ಮಾತ್ರ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಈ ಬೈಕಿಗೆ ನಾನು ಕೊಡುವ ದೊಡ್ಡ ಅಂಕ ಈ ಗೇರಿಗೇ.

ಅಂಗಡಿಯಿಂದ ಬರುವಾಗ ಕ್ಯಾಸೆಟ್ (ಹಿಂದಿನ ಹಲ್ಲುಗಾಲಿಗಳ ಗೊಂಚಲು) 11–32 ಇದ್ದರೆ, ಎಂದರೆ ಅತಿ ಚಿಕ್ಕದಕ್ಕೆ 11, ಅತಿ ದೊಡ್ಡದಕ್ಕೆ 32 ಹಲ್ಲಿದ್ದರೆ, 11–34ಕ್ಕೆ ಬದಲಿಸಿಕೊಳ್ಳಬಹುದು. ಆದರೆ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಉದ್ದ ಕೇಜಿನದೇ, ಎಂದರೆ ಚೈನ್ ಹಿಡಿಯುವ ತೋಳು ಉದ್ದವಿರುವುದೇ ಆಗಿರಬೇಕು. ಬದಲಿಸಿದ ಮೇಲೆ ಚೈನನ್ನು ಮುಂದಿನ ದೊಡ್ಡ ಹಲ್ಲುಗಾಲಿ, ಹಿಂದಿನ ದೊಡ್ಡ ಹಲ್ಲುಗಾಲಿ ಎರಡಕ್ಕೂ ಹಾಕಿ ನೋಡಿ. ಡಿರೇಲರ್ ಪೂರ್ತಿ ಚಾಚಿ ಬಿಗಿದು ನಿಂತರೆ ಚೈನ್ ಚಿಕ್ಕದಾಗಿದೆ ಎಂದರ್ಥ, ಹಾಗೇ ಓಡಿಸಿದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಬಹುದು. ಇನ್ನೊಂದು: 4700ರ ಶಿಫ್ಟರ್ (ಗೇರು ಬದಲಿಸುವ ಲಿವರ್) ಎಳೆಯುವ ಕೇಬಲ್ಲಿನ ಅಳತೆ ಹಳೆಯ 10 ಸ್ಪೀಡ್ (ಹಿಂದೆ 10 ಹಲ್ಲುಗಾಲಿಯ) ರೋಡ್ ಡಿರೇಲರುಗಳಿಗೆ ಹೊಂದುವುದಿಲ್ಲ. ಬಿದ್ದು ಡಿರೇಲರ್ ಮುರಿದರೆ, 10 ಸ್ಪೀಡೇ ತಾನೆ ಎಂದು ಹಳೆಯದನ್ನು ಕೂರಿಸಿದರೆ ಗೇರು ಸರಿಯಾಗಿ ಬೀಳದು.

ತೂಕದ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಒಂದೂವರೆ ಕೆ.ಜಿ. ಹಗುರವಾದ ಕಾರ್ಬನ್ ಬೈಕ್ ಒಂದು ಗಂಟೆಯ ಏರಿನಲ್ಲಿ ಉಳಿಸುವುದು ಸುಮಾರು ಒಂದು ನಿಮಿಷ. ಆ ಹಣದಲ್ಲಿ ಒಳ್ಳೆಯ ಟೈರು, ಮಡ್‌ಗಾರ್ಡ್, ಬಿಡಿಭಾಗ, ಮಳೆ ಜಾಕೆಟ್ ಎಲ್ಲ ಬರುತ್ತವೆ.

ಬ್ರೇಕಿನ ಬಗ್ಗೆ ಹೆಚ್ಚು ಹೇಳಬೇಕು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಹತ್ತಿರ ಹತ್ತಿರ ಸಾವಿರ ಮೀಟರ್ ಎತ್ತರ ಕಳೆಯುತ್ತೇವೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಜೋಡುಪಾಲ, ಮೊಣ್ಣಂಗೇರಿ ಇರುವುದು ಇದೇ ದಾರಿಯಲ್ಲಿ. ಮಳೆಗಾಲದಲ್ಲಿ ರಸ್ತೆ ಬದಿಯ ಧರೆಯಿಂದ ಇಳಿಯುವ ಕೆಸರುನೀರು ತಿರುವುಗಳಲ್ಲಿ ನುಣ್ಣನೆಯ ಮಣ್ಣು ಬಿಟ್ಟು ಹೋಗುತ್ತದೆ. ಆ ಮಣ್ಣು ರೋಟರಿಗೂ (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ) ಅದನ್ನು ಒತ್ತಿ ಹಿಡಿಯುವ ಪ್ಯಾಡಿಗೂ ನಡುವೆ ಸೇರಿ ಮರಳು ಕಾಗದದಂತೆ ಉಜ್ಜುತ್ತದೆ. ಬೈಕಿನ ಜೊತೆ ಬಂದ ರೆಸಿನ್ (ರಾಳದ) ಪ್ಯಾಡ್ ಬೇಸಿಗೆಯಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಮಾತ್ರ ಬೇಗ ಸವೆಯುತ್ತದೆ. ಮಳೆಗಾಲಕ್ಕೆ ಮೆಟಲ್ ಪ್ಯಾಡ್ ಒಳ್ಳೆಯದು, ಹೆಚ್ಚು ಬಾಳುತ್ತದೆ. ಆದರೆ ಮೊದಲು ರೋಟರಿನ ಮೇಲಿನ ಬರಹ ಓದಿ. ‘ರೆಸಿನ್ ಪ್ಯಾಡ್ ಓನ್ಲಿ’ ಎಂದಿದ್ದರೆ ಅದರ ಮೇಲೆ ಮೆಟಲ್ ಪ್ಯಾಡ್ ಹಾಕಬಾರದು, ರೋಟರ್ ತಿಂದುಹೋಗುತ್ತದೆ. ಅಗ್ಗದ ಬೈಕುಗಳಲ್ಲಿ ಕಂಪನಿಗಳು ಇಂಥ ರೋಟರನ್ನೇ ಹಾಕಿ ಕಳಿಸುವುದುಂಟು.

ಪ್ಯಾಡಿನ ಮಸಾಲೆ (ರೋಟರಿಗೆ ಉಜ್ಜುವ ಪದರ) 0.5 ಮಿ.ಮೀ.ಗೆ ಬಂದರೆ ಬದಲಿಸಲೇಬೇಕು. ಘಾಟಿ ಇಳಿಯುವವರು 1 ಮಿ.ಮೀ. ಇರುವಾಗಲೇ ಬದಲಿಸುವುದು ಮೇಲು, ಜೋರು ಮಳೆಯಲ್ಲಿ ಉಳಿದದ್ದು ಒಂದೇ ಸವಾರಿಯಲ್ಲಿ ಹೋಗಬಹುದು. ಶಿಮಾನೊ ರೋಟರ್ ಹೊಸದರಲ್ಲಿ 1.8 ಮಿ.ಮೀ. ದಪ್ಪ, 1.5ಕ್ಕೆ ಇಳಿದರೆ ಅದರ ಆಯುಸ್ಸು ಮುಗಿಯಿತು. ಬ್ರೇಕ್ ಕಿರುಚುತ್ತಿದ್ದರೆ ಹೆಚ್ಚಿನ ಸಲ ಕಾರಣ ಎಣ್ಣೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ರೋಟರಿಗೆ ಸಿಡಿದಿರುತ್ತದೆ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಪ್ಯಾಡಿಗೆ ಎಣ್ಣೆ ಇಳಿದಿದ್ದರೆ ಉಜ್ಜಿ ಉಳಿಸುವ ಪ್ರಯತ್ನ ಬೇಡ, ಹೊಸದೇ ಹಾಕಿ. ಸ್ಪ್ರೇ ಬಿಟ್ಟು ಹನಿ ಹನಿಯಾಗಿ ಬಿಡುವ ಬಾಟಲಿ ಬಳಸಿದರೆ ಈ ತೊಂದರೆಯೇ ಬಾರದು. ಬೈಕನ್ನು ಕಾರಿಗೆ ಹಾಕಲು ಚಕ್ರ ತೆಗೆದಾಗ ಯಾರೂ ಬ್ರೇಕ್ ಲಿವರ್ ಒತ್ತದಂತೆ ನೋಡಿಕೊಳ್ಳಿ. ಪಿಸ್ಟನ್ ಹೊರಬಂದು ಪ್ಯಾಡುಗಳು ಕೂಡಿಕೊಳ್ಳುತ್ತವೆ, ಚಕ್ರ ಮತ್ತೆ ಕೂರುವುದಿಲ್ಲ. ಪ್ಯಾಡಿನ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿಡಿ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಮೆಲ್ಲಗೆ ಹಿಡಿದೇ ಇರಬಾರದು. ತಿರುವಿಗೆ ಮುಂಚೆ ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟು ಹೋಗಿ. ಒದ್ದೆ ರಸ್ತೆಯಲ್ಲಿ ಬಿಳಿ ಪಟ್ಟಿ, ತೋಟದ ನೆರಳಿನ ಪಾಚಿ, ಸಿಲ್ವರ್ ಓಕಿನ ಉದುರೆಲೆ ಇವುಗಳ ಮೇಲೆ ಬೈಕ್ ವಾಲಿಸಬೇಡಿ. ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ಅಲ್ಲಿ ಟೈರಿಗೆ ಹಿಡಿತವಿಲ್ಲ.

ಟೈರಿನಲ್ಲಿ ಕಂಪನಿ ಉಳಿತಾಯ ಮಾಡಿದೆ. ಜೊತೆಗೆ ಬಂದದ್ದು 28 ಮಿ.ಮೀ.ನ ಅಂಚಿನಲ್ಲಿ ತಂತಿಯಿರುವ (ವೈರ್ ಬೀಡ್) ಗಡಸು ಟೈರು, ಒದ್ದೆಯಲ್ಲಿ ನಂಬಲಾಗದು. 32 ಮಿ.ಮೀ., ಪಂಚರ್ ತಡೆಯ ಪದರವಿರುವ ಟೈರು ಹಾಕಿದ ಮೇಲೆ ಬೈಕಿನ ಗುಣವೇ ಬೇರೆಯಾಯಿತು. 75 ಕೆ.ಜಿ. ಸವಾರರಿಗೆ ಮುಂದೆ 50, ಹಿಂದೆ 55 ಪಿಎಸ್ಐ ಗಾಳಿ ಸಾಕು, ಮಳೆಯಲ್ಲಿ ಎರಡರಲ್ಲೂ 5 ಇಳಿಸಿ. ಟ್ಯೂಬ್‌ಲೆಸ್ ಮಾಡಿಸುವುದಾದರೆ ಸೀಲಂಟ್ (ತೂತು ಮುಚ್ಚುವ ದ್ರವ) ಎರಡು ಮೂರು ತಿಂಗಳಿಗೊಮ್ಮೆ ತುಂಬಿಸಬೇಕು, ಬೇಸಿಗೆಯಲ್ಲಿ ಒಣಗುತ್ತದೆ. ಟ್ಯೂಬ್ ಬಳಸುವವರು ಪ್ಯಾಚನ್ನು ನಂಬಿ ಮಳೆಗೆ ಹೊರಡಬಾರದು, ಒದ್ದೆ ರಬ್ಬರಿಗೆ ಅಂಟು ಹಿಡಿಯದು. ಎರಡು ಟ್ಯೂಬ್ ಒಯ್ಯಿರಿ. ಕೊಳ್ಳುವಾಗ ಫ್ರೇಮಿನಲ್ಲಿ ಮಡ್‌ಗಾರ್ಡ್ ಕೂರಿಸುವ ತೂತುಗಳಿವೆಯೇ, ಮಡ್‌ಗಾರ್ಡ್ ಹಾಕಿದ ಮೇಲೂ 32ರ ಟೈರಿಗೆ ಜಾಗ ಉಳಿಯುತ್ತದೆಯೇ ಎಂದು ಅಳೆದು ನೋಡಿ. ಪೂರ್ತಿ ಉದ್ದದ ಮಡ್‌ಗಾರ್ಡ್ ಬೆನ್ನಿನ ಜೊತೆಗೆ ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಕೀಲಿನ) ಕೆಳಗಿನ ಬೇರಿಂಗನ್ನೂ ಕಾಯುತ್ತದೆ. ಮುಂದಿನ ಚಕ್ರ ಎರಚುವ ನೀರು ನೇರ ಅಲ್ಲಿಗೇ ಹೋಗುತ್ತದೆ, ಮೊದಲು ತುಕ್ಕು ಹಿಡಿಯುವ ಬೇರಿಂಗ್ ಅದು.

ಬಾಟಮ್ ಬ್ರಾಕೆಟ್ (ಪೆಡಲಿನ ಕ್ರ್ಯಾಂಕು ತಿರುಗುವ ಬೇರಿಂಗ್) ತಿರುಪಿನದು, 68 ಮಿ.ಮೀ. ಬಿಎಸ್ಎ ಅಳತೆಯದು. ಇದು ಈ ಬೈಕಿನ ಇನ್ನೊಂದು ಒಳ್ಳೆಯ ಅಂಶ. ಒತ್ತಿ ಕೂರಿಸುವ ಪ್ರೆಸ್‌ಫಿಟ್ ನಮ್ಮ ಮಳೆಯಲ್ಲಿ ಕಿರ್ ಕಿರ್ ಎನ್ನತೊಡಗಿದರೆ ಮೈಸೂರಿನವರೆಗೆ ಹೋಗಬೇಕಾಗಬಹುದು, ತಿರುಪಿನದನ್ನು ಮನೆಯಲ್ಲೇ ಬಿಚ್ಚಿ ಗ್ರೀಸ್ ಹಾಕಬಹುದು. ಚೈನ್ ಇರುವ ಬದಿಯ ತಿರುಪು ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಫ್ರೇಮಿನ ತಳದ ನೀರು ಇಳಿಯುವ ತೂತಿಗೆ ಮಣ್ಣು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ.

ಮಳೆಯ ಸವಾರಿ ಮುಗಿದ ಕೂಡಲೇ ಚೈನ್ ಒರೆಸಿ ಎಣ್ಣೆ ಬಿಡಬೇಕು, ಮಾರನೇ ದಿನಕ್ಕೆ ಇಟ್ಟರೆ ಕೆಂಪಗಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೆಟ್ ಲ್ಯೂಬ್ (ಮಳೆಗೆ ಬೇಗ ತೊಳೆದುಹೋಗದ ಚೈನ್ ಎಣ್ಣೆ), ಸುಗ್ಗಿ ಹಬ್ಬ ಪುತ್ತರಿಯ (ನವೆಂಬರ್–ಡಿಸೆಂಬರ್) ಹೊತ್ತಿಗೆ ಮೇಣದ ಲ್ಯೂಬಿಗೆ ಬದಲಾಯಿಸಿ. ಚೈನ್ ಸವೆದು ಹಿಗ್ಗಿದ್ದನ್ನು ಶೇಕಡಾದಲ್ಲಿ ಅಳೆಯುವ ಚೈನ್ ಚೆಕ್ಕರ್ 0.5 ತೋರಿಸಿದರೆ ಹೊಸ ಚೈನ್ ತರಿಸಿಡಿ, 0.75 ದಾಟಲು ಬಿಟ್ಟರೆ ಕ್ಯಾಸೆಟ್ಟನ್ನೂ ತಿನ್ನುತ್ತದೆ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಇಳಿಯುವಾಗ ದೊಡ್ಡ ಸರ್ವಿಸ್: ಹೆಡ್‌ಸೆಟ್, ಸೀಟ್‌ಪೋಸ್ಟ್, ಚಕ್ರದ ಆಕ್ಸಲ್ ಎಲ್ಲ ತೆಗೆದು ಗ್ರೀಸ್ ಹಚ್ಚಬೇಕು. ಅಲ್ಯೂಮಿನಿಯಂ ಸೀಟ್‌ಪೋಸ್ಟನ್ನು ಅಲ್ಯೂಮಿನಿಯಂ ಫ್ರೇಮಿನಲ್ಲಿ ವರ್ಷಗಟ್ಟಲೆ ಹಾಗೇ ಬಿಟ್ಟರೆ ಹಿಡಿದುಕೊಂಡು ಬರುವುದೇ ಇಲ್ಲ. ಗೇರಿನ ಕೇಬಲ್ಲುಗಳನ್ನು ಆಗಲೇ ಬದಲಿಸಿ. ಇವು ಫ್ರೇಮಿನ ಒಳಗಿಂದ ಹೋಗುವುದು ಈ ಬೈಕಿನಲ್ಲಿ ನನಗೆ ಹಿಡಿಸದ ಸಂಗತಿ. ನೋಡಲು ಚೆಂದ, ಬದಲಿಸಲು ಕಷ್ಟ. ಹಳೆಯ ಕೇಬಲ್ ಎಳೆಯುವ ಮೊದಲು ಅದರ ಮೇಲೆಯೇ ತೆಳು ಪ್ಲಾಸ್ಟಿಕ್ ಲೈನರ್ ತೂರಿಸಿಟ್ಟುಕೊಂಡರೆ ಹೊಸದು ದಾರಿ ತಪ್ಪದು.

ಭಾಗಮಂಡಲದಿಂದ 1,276 ಮೀಟರ್ ಎತ್ತರದ ತಲಕಾವೇರಿಗೆ 8 ಕಿ.ಮೀ. ಏರು, ಬೈಕನ್ನೂ ಕಾಲನ್ನೂ ಒಟ್ಟಿಗೆ ಅಳೆಯಲು ಒಳ್ಳೆಯ ದಾರಿ. ನಿಮಿಷಕ್ಕೆ 65–70 ಸುತ್ತು ಉಳಿಸಿಕೊಂಡು ಹತ್ತಿ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿರಬಹುದು, ಹಿಂಭಾಗ ನೋಯುತ್ತಿದ್ದರೆ ಎತ್ತರವಿರಬಹುದು. ಒಮ್ಮೆಗೆ 3 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಒಂದೂವರೆ ಗಂಟೆ ಮೀರುವ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಏಲಕ್ಕಿ ಬಾಳೆಯಾದರೆ ಎರಡು ತಿನ್ನಿ. ಆನೆಕಾಡು, ತಿತಿಮತಿ, ಮಾಕುಟ್ಟದ ಕಡೆ ಬೆಳಕು ಹರಿಯುವ ಮುಂಚೆ, ಕತ್ತಲಾಗುವ ಹೊತ್ತಿಗೆ ಹೋಗಲೇಬೇಡಿ. ಸೈಕಲ್ಲಿಗೆ ಸದ್ದಿಲ್ಲ, ತಿರುವಿನಾಚೆ ಆನೆ ಇದ್ದರೆ ಅದಕ್ಕೂ ಗೊತ್ತಾಗದು, ನಿಮಗೂ ಗೊತ್ತಾಗದು.

ಈಗ ಹೊಸದು ಕೊಳ್ಳುವವರು 12 ಸ್ಪೀಡಿನ ಶಿಮಾನೊ ಮೆಕ್ಯಾನಿಕಲ್ (ಕೇಬಲ್ಲಿನ) 105 ಗೇರುಗಳಿರುವ ಬೈಕನ್ನೂ ನೋಡಬಹುದು. ಅದರಲ್ಲಿ ಹಿಂದೆ 36 ಹಲ್ಲಿನವರೆಗೆ ಸಿಗುತ್ತದೆ, ಏರಿಗೆ ಇನ್ನೂ ಅನುಕೂಲ, ಆದರೆ ಚೈನ್, ಕ್ಯಾಸೆಟ್ಟಿನ ಖರ್ಚು ಹೆಚ್ಚು. ಕಾಫಿ ತೋಟದ ಮಣ್ಣುದಾರಿಯೂ ಬೇಕೆನ್ನುವವರಿಗೆ ಮುಂದೆ 46, 30 ಹಲ್ಲಿನ ಕ್ರ್ಯಾಂಕಿರುವ, ಮಣ್ಣುದಾರಿಗೆಂದೇ ಮಾಡಿದ ಶಿಮಾನೊ ಜಿಆರ್‌ಎಕ್ಸ್ ಸರಿ. ಯಾವುದೇ ಕೊಳ್ಳಿ, ಹಣ ಕೊಡುವ ಮುಂಚೆ ಕ್ಯಾಸೆಟ್ ಬದಲಿಸಿ ಕೊಡಲು ಕೇಳಿ, ರೋಟರಿನ ಬರಹ ಓದಿ. ಮೊದಲ ತಿಂಗಳು ಸ್ಟೀರರ್ ಟ್ಯೂಬ್ (ಫೋರ್ಕಿನಿಂದ ಹ್ಯಾಂಡಲಿನವರೆಗೆ ಏರುವ ಕೊಳವೆ) ಕತ್ತರಿಸಲು ಅಂಗಡಿಯವರಿಗೆ ಬಿಡಬೇಡಿ. ಅದರ ಮೇಲಿನ ಬಳೆಗಳಂಥ ಸ್ಪೇಸರುಗಳನ್ನು ಸ್ಟೆಮ್ಮಿನ (ಹ್ಯಾಂಡಲ್ ಹಿಡಿಯುವ ತುಂಡು) ಮೇಲೆ ಕೆಳಗೆ ಬದಲಿಸುತ್ತಾ ಬೆನ್ನಿಗೆ ಹಿತವಾದ ಎತ್ತರ ಸಿಕ್ಕ ಮೇಲೆ ಕತ್ತರಿಸಿದರಾಯಿತು, ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡಲು ಬರುವುದಿಲ್ಲ.