ಆಲ್ಬಮ್ ಚಿತ್ರ: ಹಾಡಿನೊಳಗಿರಲೋ, ಫೋಲ್ಡರಿನಲ್ಲಿರಲೋ?

ಮನೆಯ ನೆಟ್‌ವರ್ಕಿನಲ್ಲಿಟ್ಟ ಸಂಗೀತ ಸಂಗ್ರಹವನ್ನು ಟಿವಿಯಲ್ಲೋ ಮೊಬೈಲಿನಲ್ಲೋ ತೆರೆದಾಗ ಆಲ್ಬಮ್ಮಿನ ಚಿತ್ರ ಕಾಣಬೇಕಾದರೆ, ಅದನ್ನು ಪ್ರತಿ ಹಾಡಿನ ಫೈಲಿನೊಳಗೆ ಸೇರಿಸಬೇಕು, ಇಲ್ಲವೇ ಆಲ್ಬಮ್ಮಿನ ಫೋಲ್ಡರಿನಲ್ಲಿ ಬೇರೆಯಾಗಿ ಇಡಬೇಕು.

ಎಂಪಿ3, ಫ್ಲ್ಯಾಕ್ ಎಂಬ ಎರಡೂ ಬಗೆಯ ಹಾಡಿನ ಫೈಲುಗಳು ಚಿತ್ರವನ್ನು ತಮ್ಮೊಳಗೆ ಇರಿಸಿಕೊಳ್ಳಬಲ್ಲವು. ಒಂದೇ ಹಾಡನ್ನು ಪೆನ್‌ಡ್ರೈವಿಗೆ ಹಾಕಿ ವಿಜಯಪುರದ ತಂಗಿಗೆ ಕೊಟ್ಟರೂ ಚಿತ್ರ ಜೊತೆಗೇ ಹೋಗುತ್ತದೆ. ಹಲವು ಗಾಯಕರ ವಚನಗಳನ್ನು ಒಂದೇ ಫೋಲ್ಡರಿನಲ್ಲಿ ಕೂಡಿಟ್ಟವರಿಗಂತೂ ಇದೇ ಸರಿಯಾದ ಕ್ರಮ. ಆದರೆ 2 ಎಂಬಿ ಚಿತ್ರವನ್ನು 12 ಹಾಡುಗಳಿಗೆ ಸೇರಿಸಿದರೆ 24 ಎಂಬಿ ಜಾಗ ಹೋಗುತ್ತದೆ.

ಫೋಲ್ಡರಿನ ಚಿತ್ರಕ್ಕೆ ಆ ಭಾರವಿಲ್ಲ, ಬದಲಿಸುವುದೂ ಸುಲಭ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ಹಳೆಯ ಕ್ಯಾಸೆಟ್ಟುಗಳನ್ನು ಟಿಳಕವಾಡಿಯ ನಮ್ಮ ಮನೆಯಲ್ಲಿ ವೇವ್ ಎಂಬ ಬಗೆಯ ಧ್ವನಿ ಫೈಲುಗಳಾಗಿ ಇಳಿಸಿಕೊಂಡಾಗ ನನಗೆ ಒದಗಿದ್ದು ಇದೇ ಕ್ರಮ, ಏಕೆಂದರೆ ವೇವ್ ಫೈಲಿನೊಳಗಿನ ಚಿತ್ರವನ್ನು ಅನೇಕ ಪ್ಲೇಯರುಗಳು ಓದುವುದೇ ಇಲ್ಲ. ತೊಡಕಿರುವುದು ಚಿತ್ರದ ಫೈಲಿನ ಹೆಸರಿನಲ್ಲಿ. ನಮ್ಮ ಸರ್ವರ್ (ಹಾಡುಗಳನ್ನು ಮನೆಯ ನೆಟ್‌ವರ್ಕಿಗೆ ಒದಗಿಸುವ ಕಂಪ್ಯೂಟರ್) ನಡೆಯುವ ಲಿನಕ್ಸ್ ಕಾರ್ಯವ್ಯವಸ್ಥೆ ದೊಡ್ಡ ಮತ್ತು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಬೇರೆಯೆಂದೇ ಎಣಿಸುವುದರಿಂದ, ಕ್ಯಾಸೆಟ್ ಹೊದಿಕೆಯ ಚಿತ್ರ ತೆಗೆದ ಸ್ಕ್ಯಾನರ್ ಹೆಸರನ್ನೆಲ್ಲ ದೊಡ್ಡಕ್ಷರದಲ್ಲಿ ಉಳಿಸಿದ್ದ ‘ಫೋಲ್ಡರ್.ಜೆಪಿಜಿ’ಯನ್ನು ಸರ್ವರ್ ಗುರುತಿಸಲಿಲ್ಲ. ಸಣ್ಣಕ್ಷರಕ್ಕೆ ಬದಲಿಸಿ, ಸರ್ವರಿನಿಂದ ಸಂಗ್ರಹವನ್ನು ಮರಳಿ ಓದಿಸಿದ ಮೇಲೆ, ಮಸುಕಾದ ಆ ಕ್ಯಾಸೆಟ್ ಹೊದಿಕೆ ತಂಬೂರಿಯ ಸಮೇತ ಟಿವಿಯಲ್ಲಿ ಮೂಡಿತು.

ಆಲ್ಬಮ್ಮುಗಳನ್ನು ಇಡಿಯಾಗಿ ಜೋಡಿಸಿಟ್ಟವರಿಗೆ ನಾನು ಫೋಲ್ಡರಿನ ಚಿತ್ರವನ್ನೇ ಸೂಚಿಸುತ್ತೇನೆ. ಬಿಡಿ ಹಾಡುಗಳೇ ಹೆಚ್ಚಿದ್ದರೆ, 600 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿದ ಜೆಪೆಗ್ ಚಿತ್ರವನ್ನು ಹಾಡಿನೊಳಗೆ ಸೇರಿಸಬಹುದು.