ಹಳೇ ಎಂಎಕ್ಸ್-5: ಇರುವ ಎಂಜಿನ್ನಿಗೆ ಟರ್ಬೊನಾ, ಹೋಂಡಾ ಕೆ24 ಕೂರಿಸೋದಾ?

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ತಲೆಗೆ ಒಂದಲ್ಲ ಒಂದು ದಿನ ಈ ಹುಳ ಹೊಕ್ಕೇ ತೀರುತ್ತದೆ. ಕಾರು ಚೆನ್ನಾಗಿದೆ, ತಿರುವಿನಲ್ಲಿ ಓಡಿಸಲು ಇವತ್ತಿಗೂ ಮಜಾ ಕೊಡುತ್ತದೆ, ಆದರೆ ಪವರ್ ಸಾಲದು. ಇರುವ ಎಂಜಿನ್ನಿಗೇ ಏನಾದರೂ ಮಾಡೋಣವೇ, ಇಲ್ಲ ಅದನ್ನು ಎತ್ತಿ ಬೇರೆಯದನ್ನು ಕೂರಿಸೋಣವೇ? ನನ್ನ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರಲ್ಲಿ ನಾನು ಹಳೇ 1.6 ಲೀಟರ್ ಎಂಜಿನ್ ಉಳಿಸಿಕೊಂಡು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಹಾಕಿದೆ. ಗೆಳೆಯನೊಬ್ಬ ಅಂಥದ್ದೇ ಕಾರಿಗೆ ಹೋಂಡಾದ ಕೆ24 ಎಂಜಿನ್ ಕೂರಿಸಿದ. ಎರಡೂ ಕೆಲಸ ಒಂದೇ ಶೆಡ್ಡಿನಲ್ಲಿ ನಡೆದವು. ಎರಡರ ಗ್ರೀಸೂ ನನ್ನ ಕೈಗೆ ಹತ್ತಿದೆ. ಎರಡೂ ಕಾರನ್ನು ರಸ್ತೆಯಲ್ಲೂ ಟ್ರ್ಯಾಕಿನಲ್ಲೂ ಬೇಕಾದಷ್ಟು ಓಡಿಸಿದ್ದೇನೆ.

ಮೊದಲು ಕಾರಿನ ಬಗ್ಗೆ ಸ್ವಲ್ಪ. 1989ರಲ್ಲಿ ಬಂದ ಕಾರು. 1598 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ಸುಮಾರು 115 ಎಚ್‌ಪಿ. ತೂಕ ಒಂದು ಟನ್ನಿಗಿಂತ ಕಡಿಮೆ. ಬ್ಲಾಕ್ ಎರಕದ ಕಬ್ಬಿಣದ್ದು. ಮಾಜ್ದಾದ ಇದೇ ಬಿ6 ಎಂಜಿನ್ ಕುಟುಂಬಕ್ಕೆ ತನ್ನ 323 ಕಾರಿನಲ್ಲಿ ಕಂಪನಿಯೇ ಟರ್ಬೊ ಹಾಕಿ ಮಾರಿತ್ತು. ಹಾಗಾಗಿ ಈ ಎಂಜಿನ್ ಟರ್ಬೊ ತಡೆಯುತ್ತದಾ ಎಂದು ಕೇಳುವವರಿಗೆ ಅರ್ಧ ಉತ್ತರ ಅಲ್ಲೇ ಇದೆ.

ಟರ್ಬೊ ಬೇಡ, ಸುಮ್ನೆ ಫಿಲ್ಟರ್, ಸೈಲೆನ್ಸರ್, ಹೆಡರ್ ಬದಲಾಯಿಸಿದರೆ ಸಾಕಲ್ವಾ? ಸಾಕು, ಸದ್ದು ಮಾತ್ರ ಬೇಕಿದ್ದರೆ. ಪವರ್ ಏರುವುದು ಬೆರಳೆಣಿಕೆಯಷ್ಟು. ಅದಕ್ಕೆ ಇಲ್ಲಿ ಇಷ್ಟೇ ಜಾಗ.

ಟರ್ಬೊ ಕೆಲಸದಲ್ಲಿ ಟರ್ಬೊ ಜೋಡಿಸುವುದೇ ಸುಲಭದ ಭಾಗ. ಕಷ್ಟವೆಲ್ಲ ಬಿಸಿಯದ್ದು. ಈ ಎಂಜಿನ್ ಮೂಲತಃ 323ರಲ್ಲಿ ಅಡ್ಡಡ್ಡ ಕೂರಲು ಹುಟ್ಟಿದ್ದು. ಅಲ್ಲಿ ಥರ್ಮೋಸ್ಟಾಟ್ (ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಇರುವುದು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಒಂದು ತುದಿಯಲ್ಲಿ, ನೀರಿನ ಪಂಪ್ ಇನ್ನೊಂದು ತುದಿಯಲ್ಲಿ. ನೀರು ಈ ತುದಿಯಿಂದ ಆ ತುದಿವರೆಗೆ ಹರಿದು ಹೊರಗೆ ಹೋಗುತ್ತದೆ. ಎಂಎಕ್ಸ್-5ರಲ್ಲಿ ಎಂಜಿನ್ ಉದ್ದುದ್ದ ಕೂತಿದೆ, ಹಿಂದೆ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಅಡ್ಡ. ಹಾಗಾಗಿ ಥರ್ಮೋಸ್ಟಾಟನ್ನೂ ಮುಂದಕ್ಕೇ ತಂದರು. ನೀರು ಮುಂದಿನಿಂದಲೇ ಒಳಗೆ, ಮುಂದಿನಿಂದಲೇ ಹೊರಗೆ. ಹಿಂದಿನ ನಾಲ್ಕನೇ ಸಿಲಿಂಡರಿಗೆ ಸಿಗುವುದು ಹೀಟರ್ ಪೈಪಿನ ಕಡೆ ಹೋಗುವ ಸ್ವಲ್ಪ ನೀರು. 115 ಎಚ್‌ಪಿಗೆ ಇದು ತೊಂದರೆಯಲ್ಲ. ಟರ್ಬೊ ಹಾಕಿ ಟ್ರ್ಯಾಕಿನಲ್ಲಿ ಒಂದೇ ಸಮ ಓಡಿಸಿದರೆ ಆಗುತ್ತದೆ. ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಬಟ್ಟೆಯ ಮೇಲೆ ಇಟ್ಟರೆ ಕಥೆ ಕಣ್ಣಿಗೇ ಕಾಣುತ್ತದೆ. ನನ್ನ ಕಾರಿನಲ್ಲಿ ಮೊದಲ ಮೂರು ತಿಳಿ ಕಂದು ಬಣ್ಣ, ನಾಲ್ಕನೆಯದರ ಪಿಂಗಾಣಿ ಸುಣ್ಣದಂತೆ ಬೆಳ್ಳಗೆ, ಅಂದರೆ ಬಿಸಿ ಜಾಸ್ತಿ.

ಇದಕ್ಕೆ ಮದ್ದು ಥರ್ಮೋಸ್ಟಾಟನ್ನು ಮತ್ತೆ ಹೆಡ್ಡಿನ ಹಿಂದಕ್ಕೆ ಒಯ್ಯುವುದು. ಹೇಳಲು ಒಂದು ಸಾಲು. ಮಾಡಲು ಹೋದರೆ ಹೆಡ್ಡಿಗೂ ಫೈರ್‌ವಾಲಿಗೂ ನಡುವೆ ಕೈ ತೂರದ ಜಾಗ. ಅಲ್ಲೇ ಇಗ್ನಿಷನ್ ಕಾಯಿಲ್, ಅಲ್ಲೇ ಕ್ಯಾಮ್ ಆಂಗಲ್ ಸೆನ್ಸರ್. ಆ ಸೆನ್ಸರಿನ ಒಳಗೊಂದು ಪುಟ್ಟ ಓ-ರಿಂಗ್ ಇದೆ. ವಯಸ್ಸಾದಂತೆ ಅದು ಗಟ್ಟಿಯಾಗಿ ಆಯಿಲ್ ಬಿಡುತ್ತದೆ, ಆ ಆಯಿಲ್ ಕೆಳಗಿನ ಹೀಟರ್ ಹೋಸಿನ ಮೇಲೆ ತೊಟ್ಟಿಕ್ಕಿ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಹೇಗೂ ಕೈ ಹಾಕಿದ್ದೀರಿ, ಅದನ್ನೂ ಬದಲಾಯಿಸಿಬಿಡಿ.

ಟರ್ಬೊ ಕನಸು ಕಾಣುವ ಮೊದಲು ನೋಡಬೇಕಾದ್ದು ಇನ್ನೊಂದಿದೆ: ಕ್ರ್ಯಾಂಕ್ ಮೂತಿ. 1991ರ ನಡುಭಾಗದವರೆಗಿನ 1.6 ಎಂಜಿನ್ನುಗಳಲ್ಲಿ ಮುಂದಿನ ಪುಲ್ಲಿ ಕೂರುವ ಕ್ರ್ಯಾಂಕ್ ತುದಿ ಗಿಡ್ಡ. ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಪುಲ್ಲಿಯನ್ನು ಜಾರದಂತೆ ಹಿಡಿಯುವ ಕೀ ಕೂರುವ ತೋಡು ಸವೆದು ಟೈಮಿಂಗ್ ಜಾರುತ್ತದೆ. ಪುಲ್ಲಿಯ ಮುಖ ನೋಡಿ. ನಾಲ್ಕು ಸೀಳು ಇದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದದ್ದು. ನಾಲ್ಕರದ್ದಾಗಿದ್ದು ಪುಲ್ಲಿ ಅಲುಗಾಡುತ್ತಿದ್ದರೆ ಆ ಎಂಜಿನ್ ಮೇಲೆ ಕಾಸು ಸುರಿಯಬೇಡಿ.

ಇಷ್ಟೆಲ್ಲ ಆದ ಮೇಲೆ ಫಲ ಏನು? ಅರ್ಧ ಬಾರ್ ಬೂಸ್ಟಿನಲ್ಲಿ (ಟರ್ಬೊ ಕೊಡುವ ಗಾಳಿಯ ಒತ್ತಡ) ಪವರ್ 160–170 ಎಚ್‌ಪಿ ಆಸುಪಾಸಿಗೆ ಬರುತ್ತದೆ. ಮೂಲದ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಅದುಮುವ ಪ್ರಮಾಣ) 9.4:1, ಟರ್ಬೊಗೆ ಅದು ಸ್ವಲ್ಪ ಜಾಸ್ತಿಯೇ. ಹಾಗಾಗಿ ಪ್ಲಗ್ಗಿನ ಕಿಡಿ ಹಾರುವ ಸಮಯವನ್ನು ಸ್ವಲ್ಪ ತಡ ಮಾಡಬೇಕು, ಹಳೇ ಫ್ಲಾಪ್ ಬಾಗಿಲಿನ ಏರ್‌ಫ್ಲೋ ಮೀಟರ್ ಕಿತ್ತು ಬೇರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಬೇಕು. ಅದಕ್ಕಿಂತ ಮೇಲೆ ಹೋಗುವ ಆಸೆ ಇದ್ದರೆ ಮೊದಲು ಬಾಗುವುದು ಕನೆಕ್ಟಿಂಗ್ ರಾಡ್. ಅಲ್ಲಿಗೆ ಎಂಜಿನ್ ಪೂರ್ತಿ ಬಿಚ್ಚಿ ಫೋರ್ಜ್ಡ್ ರಾಡ್ ಹಾಕಬೇಕು, ಹಾಗಾದರೆ ಹಳೇ ಎಂಜಿನ್ ಉಳಿಸಿಕೊಂಡ ಲಾಭವೇ ಹೋಯಿತು.

ಓಡಿಸುವಾಗ ಮಾತ್ರ ಆ ಕಾರು ಈಗಲೂ ಅದೇ ಕಾರು. ಮೂರು ಸಾವಿರ ಆರ್‌ಪಿಎಂವರೆಗೆ ತೆಪ್ಪಗೆ ಇರುತ್ತದೆ, ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ. ತಿರುವಿನ ಮಧ್ಯದಲ್ಲಿ ಆಕ್ಸಿಲರೇಟರ್ ಒತ್ತಿದರೆ ಪವರ್ ಬರುವುದು ಒಂದು ಗಳಿಗೆ ತಡ. ಅದನ್ನು ಲೆಕ್ಕ ಹಾಕಿ ಮೊದಲೇ ಒತ್ತುವುದು ಕಲಿಯಬೇಕು. ನನಗೆ ಅದೇ ಇಷ್ಟ. ಗೆಳೆಯನಿಗೆ ಅದೇ ತಲೆನೋವು.

ಈಗ ಅವನ ಕಾರು. 2004ರ, ಹೋಂಡಾದ್ದೇ ಬ್ರ್ಯಾಂಡ್ ಆದ ಆಕ್ಯುರಾ ಟಿಎಸ್‌ಎಕ್ಸ್‌ನಲ್ಲಿ ಬಂದ ಕೆ24ಎ2 ಇದು. 2354 ಸಿಸಿ, ಟರ್ಬೊ ಇಲ್ಲದೆಯೇ 200 ಎಚ್‌ಪಿ, 225 ಎನ್‌ಎಂ ಆಸುಪಾಸಿನ ಟಾರ್ಕ್ (ತಿರುಗಿಸುವ ಬಲ). ನಮ್ಮ 1.6ರ ಟಾರ್ಕ್ ಸುಮಾರು 135. ಬ್ಲಾಕ್ ಅಲ್ಯೂಮಿನಿಯಮ್, ಹಾಗಾಗಿ ಇಷ್ಟು ದೊಡ್ಡ ಎಂಜಿನ್ ಕೂರಿಸಿದರೂ ಮೂಗಿನ ಮೇಲೆ ಅಂಥಾ ಭಾರ ಬೀಳುವುದಿಲ್ಲ. ಇದೇ ಕಾರಿಗೆ ವಿ8 ಕೂರಿಸುವವರೂ ಇದ್ದಾರೆ. ಹಿಂದಿನ ಚಕ್ರಗಳಿಗೆ ಪವರ್ ಹಂಚುವ ಡಿಫರೆನ್ಷಿಯಲ್‌ನಿಂದ ಹಿಡಿದು ಎಲ್ಲವನ್ನೂ ಬದಲಾಯಿಸಿದ ಮೇಲೆ ಉಳಿಯುವುದು ಬಾಡಿ ಒಂದೇ, ಅದರ ಬಗ್ಗೆ ನನಗೆ ಆಸೆ ಇಲ್ಲ.

ಹಳೇ ಎಂಜಿನ್ ಇಳಿಸುವುದು ಒಂದು ದಿನದ ಕೆಲಸ. ಹೊಸದನ್ನು ತೂಗುಹಾಕಿ ಮೌಂಟಿಗೆ ಕೂರಿಸುವುದೂ ಹಾಗೇ. ಜನ ಫೋಟೊ ತೆಗೆಯುವುದು ಅದನ್ನೇ. ಆದರೆ ಎಂಜಿನ್ ಬದಲಾವಣೆಯಲ್ಲಿ, ಅಂದರೆ ಸ್ವಾಪ್‌ನಲ್ಲಿ, ಎಂಜಿನ್ ತೀರಾ ಸಣ್ಣ ಭಾಗ. ಅದರ ಅಡಿಯ ಆಯಿಲ್ ತೊಟ್ಟಿ, ಸಂಪ್, ಮುಂದಿನ ಸಬ್‌ಫ್ರೇಮಿಗೆ ತಾಗುತ್ತದೆ, ಅದಕ್ಕೆ ಬೇರೆ ಆಕಾರದ ಸಂಪ್ ಬೇಕು. ಗೇರ್‌ಬಾಕ್ಸಿಗೆ ಜೋಡಿಸಲು ಅಡಾಪ್ಟರ್ ಪ್ಲೇಟ್ ಬೇಕು. ಈ ಕಾರಿನಲ್ಲಿ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೆ ಒಂದು ಅಲ್ಯೂಮಿನಿಯಮ್ ಚೌಕಟ್ಟು ಓಡುತ್ತದೆ. ಎರಡನ್ನೂ ಗಟ್ಟಿಯಾಗಿ ಹಿಡಿದಿಡುವುದು ಅದೇ, ಗೇರ್ ಹಾಕುವಾಗ ಸಿಗುವ ಆ ಚುರುಕಿಗೆ ಕಾರಣವೂ ಅದೇ. ಬೇರೆ ಗೇರ್‌ಬಾಕ್ಸ್ ಹಾಕಿದರೆ ಆ ಚೌಕಟ್ಟಿನ ಕಥೆ ಏನು ಎಂದು ಮೊದಲೇ ಯೋಚಿಸಬೇಕು. ಸಾಲದ್ದಕ್ಕೆ ಸ್ಪೀಡೋಮೀಟರ್ ಕೇಬಲ್ಲಿನದು, ಆ ಕೇಬಲ್ ಹೊರಡುವುದು ಮಾಜ್ದಾ ಗೇರ್‌ಬಾಕ್ಸಿನಿಂದ. ಗೇರ್‌ಬಾಕ್ಸ್ ಹೋದರೆ ಸ್ಪೀಡೋಮೀಟರೂ ಹೋಯಿತು. ಗೆಳೆಯ ಮಾಜ್ದಾ ಗೇರ್‌ಬಾಕ್ಸನ್ನೇ ಉಳಿಸಿಕೊಂಡ, ಅಷ್ಟರಮಟ್ಟಿಗೆ ಬಚಾವ್.

ವೈರಿಂಗ್ ಅವನನ್ನು ಹೆಚ್ಚು ದಿನ ಕಾಡಿತು. ಎಂಜಿನ್ ಮಾರಿದವರು ಕೊಟ್ಟ ಹಾರ್ನೆಸ್ಸಿನಲ್ಲಿ (ತಂತಿಗಳ ಕಟ್ಟು) ಎರಡು ಕನೆಕ್ಟರ್ ಬೇರೆ ಮಾಡೆಲ್ಲಿನವು. ಎಂಜಿನ್ ಸ್ಟಾರ್ಟ್ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದೆವು, ಆದರೆ ಟ್ಯಾಕೋಮೀಟರ್ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ಹಳೇ ಮೀಟರಿಗೆ ಬೇಕಾದ್ದು ಹಳೇ ಕಾಯಿಲ್ ಕೊಡುತ್ತಿದ್ದ ಸಿಗ್ನಲ್, ಹೊಸ ಎಂಜಿನ್ನಿನಲ್ಲಿ ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್. ಇಸಿಯುನಿಂದ ಬೇರೆ ತಂತಿ ಎಳೆದು, ಮೀಟರಿಗೆ ಒಪ್ಪುವ ಹಾಗೆ ಸಿಗ್ನಲ್ ಮಾಡಬೇಕಾಯಿತು. ಇಂಥ ಸಣ್ಣಪುಟ್ಟ ಕೆಲಸಗಳೇ ಸ್ವಾಪ್ ಕಾರುಗಳನ್ನು ಶೆಡ್ಡಿನಲ್ಲಿ ಕೊಳೆಸುವುದು. ಟರ್ಬೊ ಕೆಲಸವನ್ನು ನಾನು ಕಂತು ಕಂತಾಗಿ ಮಾಡಿದೆ: ಈ ಸಲ ರೇಡಿಯೇಟರ್, ಮುಂದಿನ ಸಲ ಇಸಿಯು, ನಡುವೆ ಕಾರು ಓಡುತ್ತಲೇ ಇತ್ತು. ಸ್ವಾಪ್‌ನಲ್ಲಿ ಆ ಸೌಕರ್ಯ ಇಲ್ಲ. ಕೈ ಹಾಕಿದ ದಿನದಿಂದ ಮುಗಿಯುವವರೆಗೆ ಕಾರು ಸ್ಟ್ಯಾಂಡಿನ ಮೇಲೇ.

ಆದರೆ ಮುಗಿದ ಮೇಲೆ? ಅವನ ಕಾರು ನನ್ನದಕ್ಕಿಂತ ಚೆನ್ನಾಗಿದೆ. ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ, ಸ್ವಲ್ಪ ಇದ್ದರೂ ಇರಬಹುದು. ಪೆಡಲ್ ಎಷ್ಟು ಒತ್ತಿದರೆ ಅಷ್ಟೇ ಪವರ್, ಅದೂ ಆ ಕ್ಷಣಕ್ಕೇ. ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರಗಳನ್ನು ಕಾಲಲ್ಲೇ ಅಳೆಯಬಹುದು. ಟ್ರ್ಯಾಕಿನಲ್ಲಿ ನಾನು ಕೂಲೆಂಟ್ ಮುಳ್ಳು ನೋಡಿಕೊಂಡು ಆಗಾಗ ಒಂದು ಸುತ್ತು ನಿಧಾನ ಮಾಡುತ್ತಿದ್ದರೆ ಅವನು ಹಾಗೇ ಓಡಿಸುತ್ತಲೇ ಇರುತ್ತಾನೆ. ಹೋಂಡಾ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್. ಹಳೇ 1.6ರಲ್ಲಿ ಬೆಲ್ಟ್ ಇದ್ದರೂ, ವಾಲ್ವ್ ತೆರೆಯುವ ಮೂಲ ಕ್ಯಾಮ್ ಇರುವವರೆಗೆ ಅದು ಹರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುವುದಿಲ್ಲ. ಅದೊಂದು ನೆಮ್ಮದಿ ನನ್ನ ಕಡೆ.

ಎರಡೂ ಕಾರಿಗೆ ಒಂದೇ ಶತ್ರು, ಐದು ಗೇರಿನ ಆ ಗೇರ್‌ಬಾಕ್ಸ್. ಗೇರ್ ಹಾಕುವುದಕ್ಕೆ ಅಷ್ಟು ಸೊಗಸಾದದ್ದು ಇನ್ನೊಂದಿಲ್ಲ, ಆದರೆ ಟಾರ್ಕ್ ಜಾಸ್ತಿಯಾದರೆ ಹಲ್ಲು ಉದುರುತ್ತದೆ. 1.6ರ ಜೊತೆ ಬರುವ ಚಿಕ್ಕ ಡಿಫರೆನ್ಷಿಯಲ್ಲೂ ಹಾಗೇ. 1.8 ಕಾರಿನ ದೊಡ್ಡದನ್ನು ಮೊದಲೇ ತಂದಿಟ್ಟುಕೊಳ್ಳಿ.

1.8 ಎಂದಾಗ ನೆನಪಾಯಿತು. ಜಗಳವೇ ಬೇಡ ಎನ್ನುವವರಿಗೆ ನಡುವಿನ ದಾರಿ ಅದು. ಮುಂದೆ ಮಾಜ್ದಾ ಇದೇ ಕಾರಿಗೆ ಹಾಕಿದ 1839 ಸಿಸಿ ಎಂಜಿನ್ 1.6ರ ಜಾಗದಲ್ಲಿ ಅದೇ ಮೌಂಟುಗಳ ಮೇಲೆ ಬಂದು ಕೂರುತ್ತದೆ. ಅದರದ್ದೇ ದೊಡ್ಡ ಕ್ಲಚ್ ಮತ್ತು ಫ್ಲೈವೀಲ್ ಜೊತೆಗೆ ತರಬೇಕು, ಅಷ್ಟೇ. ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ.

ಯಾವುದು ನಿಮಗೆ? ರಸ್ತೆಯಲ್ಲೇ ಓಡಿಸುವವರು, ಆಗೀಗ ಘಾಟಿ ಹತ್ತುವವರು ಹಳೇ ಎಂಜಿನ್ ಇಟ್ಟುಕೊಳ್ಳಿ, ಬೂಸ್ಟ್ ಕಡಿಮೆ ಇರಲಿ, ನೀರಿನ ದಾರಿ ಸರಿ ಮಾಡಿಸಿ. ಬಿಚ್ಚಿದ ಮೂಲ ಸಾಮಾನುಗಳನ್ನು ಜೋಪಾನವಾಗಿ ಎತ್ತಿಟ್ಟರೆ ಮುಂದೊಂದು ದಿನ ಕಾರನ್ನು ಮೊದಲಿನಂತೆ ಮಾಡಬಹುದು, ಕೊಳ್ಳುವವರು ಅದನ್ನೇ ಕೇಳುತ್ತಾರೆ. ಟ್ರ್ಯಾಕಿಗೇ ಮೀಸಲಾದ ಕಾರಾದರೆ ಸ್ವಾಪ್, ಎರಡು ಮಾತಿಲ್ಲ. ಅದನ್ನು ರಸ್ತೆಗೂ ತರುವುದಾದರೆ ನೋಂದಣಿ, ಹೊಗೆ ಪರೀಕ್ಷೆ, ವಿಮೆ, ಈ ಮೂರನ್ನೂ ಎಂಜಿನ್ ಕೊಳ್ಳುವ ಮೊದಲೇ ವಿಚಾರಿಸಿ.

ಇಷ್ಟಾದರೂ ತೀರ್ಮಾನ ಆಗದಿದ್ದರೆ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು) ಮಾಡಿಸಿ. ನಾಲ್ಕೂ ಸಿಲಿಂಡರ್ ಸಮವಾಗಿ, ಗಟ್ಟಿಯಾಗಿ ಬಂದರೆ ಟರ್ಬೊಗೆ ಅರ್ಹ ಎಂಜಿನ್ ನಿಮ್ಮ ಬಾನೆಟ್ಟಿನ ಕೆಳಗೇ ಇದೆ. ಒಂದು ಸೋತಿದ್ದರೆ ಹೇಗೂ ಎಂಜಿನ್ ಹೊರಗೆ ಬರಲೇಬೇಕು. ಅದನ್ನೇ ರಿಪೇರಿ ಮಾಡಿ, ರಾಡ್ ಬದಲಾಯಿಸಿ, ಟರ್ಬೊ ಹಾಕುವ ಖರ್ಚನ್ನೂ ಕೆ24 ಕೂರಿಸುವ ಖರ್ಚನ್ನೂ ಪಕ್ಕಪಕ್ಕ ಬರೆದು ನೋಡಿ. ನಮ್ಮ ಶೆಡ್ಡಿನಲ್ಲಿ ಆ ಎರಡು ಮೊತ್ತಗಳ ನಡುವೆ ಉಳಿದ ಅಂತರ ಒಂದು ಜೊತೆ ಟೈರಿನಷ್ಟು.